ಕಿವಿಯಕ್ಕ ಮತ್ತು ಕಿರುಗುಟ್ಟುವ ಕುರ್ಚಿ

ಎದೆರೋಗದ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ರಾತ್ರಿ ಪಾಳಿ ಮಾಡುವ ಆ ನರ್ಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಹಾಕುವಾಗ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಕಸ ಗುಡಿಸುವವಳಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಅವಳು ಕಿವಿಯಕ್ಕ. ವಾರ್ಡಿನ ಬಾಗಿಲಲ್ಲಿ ನಿಂತು, ಚೌಕಟ್ಟಿಗೆ ಒಂದು ಕೈ ಊರಿ, ಕಣ್ಣು ಮುಚ್ಚಿ, ಒಳಗೆ ಮಲಗಿದವರಲ್ಲಿ ಯಾರ ಉಸಿರು ಹದ ತಪ್ಪಿದೆ ಎಂದು ಹೇಳಿಬಿಡುತ್ತಾಳೆ ಎಂಬುದು ಅವಳ ಖ್ಯಾತಿ. ಎಷ್ಟೋ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಕೆಲವು ಸಲ ಎಲ್ಲರನ್ನೂ ಓಡಿಸಿಕೊಂಡು ಹೋಗಿ ನೋಡಿದರೆ ಯಾರೋ ಮುದುಕ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿರುತ್ತಿದ್ದ. ಆ ಕೆಲವು ಸಲದ ಸುದ್ದಿಯನ್ನು ಅವಳು ಮನೆಗೆ ತರುತ್ತಿರಲಿಲ್ಲ, ಅಷ್ಟೆ.

ಹೊಸದಾಗಿ ಬಂದ ಹುಡುಗಿಯರು ಗುಟ್ಟೇನು ಎಂದು ಕೇಳಿದರೆ ಅವಳದು ಒಂದೇ ಉತ್ತರ. "ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಬೇರೆಯವರ ಉಸಿರು ಕೇಳ್ಬೇಕಾದ್ರೆ ನಿನ್ನ ಉಸಿರು ಹಿಡಿ. ನಿನ್ನ ಮೂಗಿನ ಸದ್ದೇ ನಿನ್ನ ಕಿವಿಗೆ ಅಡ್ಡ ಬರತ್ತೆ." ಹುಡುಗಿಯರು ಕೆನ್ನೆ ಉಬ್ಬಿಸಿ ಉಸಿರು ಹಿಡಿದು ನಿಲ್ಲುತ್ತಿದ್ದರು, ಆಮೇಲೆ ಒಬ್ಬಳು ಕಿಸಕ್ ಎಂದರೆ ಎಲ್ಲರೂ ನಗುತ್ತಿದ್ದರು. ಕಿವಿಯಕ್ಕನಿಗೆ ಮಾತ್ರ ಅದು ರೂಢಿಯಾಗಿಹೋಗಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಕೆಮ್ಮಿದರೂ ಸಾಕು, ಅವಳ ಉಸಿರು ತಾನಾಗಿ ನಿಂತು ಕಿವಿ ಆ ಕಡೆ ತಿರುಗುತ್ತಿತ್ತು.

ಉಬ್ಬಸ, ನಾಯಿಕೆಮ್ಮು, ಕಫ ಕಟ್ಟಿದ ಗೊರಗೊರ, ಯಾವುದಕ್ಕೂ ಅವಳು ಹೆದರುವವಳಲ್ಲ. ಹೆದರುತ್ತಿದ್ದದ್ದು ಒಂದಕ್ಕೆ. ಡಾಕ್ಟರುಗಳು ಅದಕ್ಕೆ ಏನೋ ಉದ್ದದ ಹೆಸರು ಹೇಳುತ್ತಾರೆ. ಅವಳು ಅದನ್ನು ಮೆಟ್ಟಿಲುಸಿರು ಎನ್ನುತ್ತಿದ್ದಳು. ನಿದ್ದೆಯಲ್ಲಿ ಉಸಿರು ಸಣ್ಣದಾಗಿ ಶುರುವಾಗಿ, ಒಂದಕ್ಕಿಂತ ಒಂದು ದೊಡ್ಡದಾಗುತ್ತಾ ಮೇಲೆ ಹತ್ತುತ್ತದೆ. ಆಮೇಲೆ ಒಂದಕ್ಕಿಂತ ಒಂದು ಸಣ್ಣದಾಗುತ್ತಾ ಇಳಿಯುತ್ತದೆ. ಕೊನೆಯ ಮೆಟ್ಟಿಲಿಗೆ ಬಂದು ನಿಂತೇಬಿಡುತ್ತದೆ. ನೋಡುವವರ ಜೀವ ಬಾಯಿಗೆ ಬರುವಷ್ಟು ಹೊತ್ತು ಏನೂ ಇರುವುದಿಲ್ಲ. ಆಮೇಲೆ ಮತ್ತೆ ಸಣ್ಣದಾಗಿ ಶುರು. ಮಲಗಿದವರಿಗೆ ಇದರ ಸುಳಿವೇ ಇರುವುದಿಲ್ಲ. ಹೃದಯ ದಣಿದಾಗ ಹೀಗಾಗುತ್ತದೆ, ಬೇಗ ಕರೆತಂದರೆ ಔಷಧಿಯಿದೆ, ಎಷ್ಟೋ ಮಂದಿ ಎದ್ದು ಓಡಾಡಿಕೊಂಡಿದ್ದಾರೆ, ಇದೆಲ್ಲ ಅವಳಿಗೆ ಗೊತ್ತಿತ್ತು. ಆದರೆ ಆ ಉಸಿರನ್ನು ಅವಳು ಮೊದಲು ಕೇಳಿದ್ದು ತನ್ನ ತಾಯಿಯ ಮಂಚದ ಪಕ್ಕದಲ್ಲಿ ಕೂತು. ಆ ಸಲ ಕೊನೆಯ ಮೆಟ್ಟಿಲಿಗೆ ಬಂದದ್ದು ಮತ್ತೆ ಹತ್ತಲಿಲ್ಲ. ತಲೆಗೆ ಗೊತ್ತಿರುವುದೆಲ್ಲ ಹೊಟ್ಟೆಗೆ ಗೊತ್ತಾಗಬೇಕಲ್ಲ.

ತಾಯಿ ಹೋದ ವರ್ಷವೇ ಅವಳು ಗಂಡನ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದಳು. "ನೋಡ್ರೀ, ನನಗೇನಾದ್ರೂ ಮೆಟ್ಟಿಲುಸಿರು ಬಂದ್ರೆ ನನಗೆ ಹೇಳ್ಬೇಡಿ. ಗೊತ್ತಾದ ದಿನದಿಂದ ಜನ ಅರ್ಧ ಸತ್ತಿರ್ತಾರೆ, ನಾನು ದಿನಾ ನೋಡ್ತೀನಿ. ಆಣೆ ಮಾಡಿ."

"ನನಗೆ ಬಂದ್ರೆ?" ಎಂದು ಅವಳ ಗಂಡ ಕೇಳಿದ್ದರು.

"ನಿಮಗೆ ಬಂದ್ರೆ ಹೇಳೋದೇನು, ಕಿವಿ ಹಿಡ್ಕೊಂಡು ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀನಿ."

ಇದೆಂಥ ನ್ಯಾಯ ಎಂದು ಅವರು ನಕ್ಕು ಆಣೆ ಮಾಡಿದ್ದರು. ಹೊಸ ಮದುವೆ, ಏನು ಕೇಳಿದರೂ ಆಣೆ ಮಾಡುವ ಕಾಲ.

ಗಂಡನೆಂದರೆ ಪೀಪಿ ಮೇಷ್ಟ್ರು. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಮೇಲೆ ಬ್ಯಾಂಡ್ ಕಲಿಸುತ್ತಿದ್ದುದರಿಂದ ಬಂದ ಹೆಸರು ಅದು. ಸಂಜೆ ಒಂದು ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ ಐದಾರು ಮಂದಿಯ ಜೊತೆ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಊಟ ಮಾಡುವವರಿಗೆ ಅಜೀರ್ಣವಾಗದಂಥ ಮೆತ್ತನೆಯ ಜಾಜ್. ಹೋಟೆಲಿನವರು ಒಂದು ದಿನ ಬ್ಯಾಂಡನ್ನು ಮನೆಗೆ ಕಳಿಸಿ ಗೋಡೆಗೆ ಸ್ಪೀಕರ್ ಹಾಕಿದರು. ಮೇಷ್ಟ್ರು ಒಂದು ವಾರ ಮುಖ ಊದಿಸಿಕೊಂಡು ಕೂತರು. ಆಮೇಲೆ ಬೇರೇನನ್ನೋ ಊದಲು ಶುರು ಮಾಡಿದರು. ರಾಗವಿಲ್ಲ, ತಾಳವಿಲ್ಲ. ಒಂದೇ ಸ್ವರವನ್ನು ಹಿಡಿದು ಅದು ಎರಡಾಗಿ ಸೀಳುವವರೆಗೆ ಊದುವುದು, ಬಾಯಿಗಿಡುವ ತುದಿಯ ತೆಳು ಬೆತ್ತದ ಪಟ್ಟಿ, ಆ ರೀಡನ್ನು ಹಲ್ಲಿನಿಂದ ಒತ್ತಿ ಕಿರಿಚಿಸುವುದು, ಬರೀ ಗಾಳಿಯನ್ನು ಕೊಳವೆಯೊಳಗೆ ಬಿಟ್ಟು ಎಳೆಯುವುದು. ಜಾಜ್‌ನಲ್ಲೇ ಹಳೆಯ ದಾರಿ ಬಿಟ್ಟು ಹೋದವರ ಕಡೆಯದು ಇದು, ಇದನ್ನು ಒಬ್ಬನೇ ನುಡಿಸಬೇಕು, ಜೊತೆಗೆ ಡ್ರಮ್ಮೂ ಇಲ್ಲ ಪಿಯಾನೊನೂ ಇಲ್ಲ ಎಂದು ಮೇಷ್ಟ್ರು ವಿವರಿಸುತ್ತಿದ್ದರು. "ಯಾರು ಬರ್ತಾರೆ ಜೊತೆಗೆ?" ಎಂದಿದ್ದಳು ಕಿವಿಯಕ್ಕ. ಕೆಳಗಿನ ಮನೆಯ ದರ್ಜಿ ಮೆಟ್ಟಿಲ ಹತ್ತಿರ ಸಿಕ್ಕಾಗ, "ನಲ್ಲಿ ರಿಪೇರಿ ಇನ್ನೂ ಮುಗೀಲಿಲ್ವಾ ಮೇಷ್ಟ್ರೇ?" ಎಂದು ವಿಚಾರಿಸುತ್ತಿದ್ದ. ಮೇಷ್ಟ್ರು ಅದಕ್ಕೂ ನಗುತ್ತಿದ್ದರು. ಒಳ್ಳೆಯ ಮನುಷ್ಯ, ಕೋಪ ಬಂದರೆ ರೀಡು ತೊಳೆಯುತ್ತಾ ಕೂರುವವರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಪಾಳಿ ಮುಗಿಸಿ ಬಂದ ಕಿವಿಯಕ್ಕ ಬೆಳಿಗ್ಗೆ ಚಹಾ ಕುಡಿದು, ಪರದೆ ಎಳೆದು, ಮಧ್ಯಾಹ್ನದವರೆಗೆ ಮಲಗುವುದು. ಮೇಷ್ಟ್ರಿಗೆ ಅಭ್ಯಾಸಕ್ಕೆ ಸಿಗುತ್ತಿದ್ದದ್ದೂ ಅದೇ ಹೊತ್ತು. ಹೆಂಡತಿ ಮಲಗಿರುವಾಗ ಊದುವ ಹಾಗಿಲ್ಲ, ಅಭ್ಯಾಸ ಬಿಟ್ಟರೆ ಕೈ ಹಾಳಾಗುತ್ತದೆ. ಅದಕ್ಕೆ ಅವರು ಮಲಗುವ ಕೋಣೆಯ ಬಾಗಿಲಿಗೆ ಒತ್ತಿ ಒಂದು ಮರದ ಕುರ್ಚಿ ಹಾಕಿಕೊಂಡು, ಸ್ಯಾಕ್ಸೊಫೋನ್ ಕೊರಳಿಗೆ ನೇತು ಹಾಕಿಕೊಂಡು, ಗಾಳಿ ಬಿಡದೆ ಬರೀ ಬೆರಳಾಡಿಸುತ್ತಿದ್ದರು. ಕೀಗಳ ಕೆಳಗಿನ ಚರ್ಮದ ಬಿಲ್ಲೆಗಳು ತೂತುಗಳ ಮೇಲೆ ಬಿದ್ದೇಳುವ ಸದ್ದು ಟಪ್ ಟಪ್ ಎಂದು ಬಾಗಿಲ ಸಂದಿಯಿಂದ ಬರುತ್ತಿತ್ತು. ಮದುವೆಯಾದಾಗಿನಿಂದ ಕಿವಿಯಕ್ಕ ಆ ಸದ್ದಿನಲ್ಲೇ ನಿದ್ದೆ ಹೋಗಿದ್ದಾಳೆ. ರಜೆಯಲ್ಲಿ ಬೇರೆಯವರ ಮನೆಯಲ್ಲಿ ಮಲಗಿದರೆ ಅದಿಲ್ಲದೆ ಹೊರಳಾಡುತ್ತಿದ್ದಳು. ಆ ಕುರ್ಚಿಗೆ ಮಾತ್ರ ಒಂದು ಕಾಯಿಲೆಯಿತ್ತು. ಎದ್ದರೂ ಕೂತರೂ ಕಿರ್ರ್ ಎನ್ನುತ್ತಿತ್ತು. ಮೊಳೆ ಹೊಡೆಸಿ ಎಂದರೆ ಮೇಷ್ಟ್ರು ಹೂಂ ಎನ್ನುತ್ತಿದ್ದರು, ಹೊಡೆಸುತ್ತಿರಲಿಲ್ಲ.

ಈ ಊದುವಿಕೆಯೆಲ್ಲ ಒಂದು ಆಲ್ಬಮ್ ಆಗುತ್ತದೆ ಎಂದು ಕಿವಿಯಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ಆದದ್ದು ಅವಳ ಸ್ವಂತ ತಮ್ಮನಿಂದಲೇ. ತಮ್ಮನದು ಹಾಸಿಗೆ ಅಂಗಡಿ. ಹಿಂದಿನ ಗೋದಾಮಿನಲ್ಲಿ ಸ್ಪಂಜಿನ ಹಾಸಿಗೆಗಳನ್ನು ನಾಲ್ಕೂ ಗೋಡೆಗೆ ಒರಗಿಸಿಟ್ಟಾಗ ಹೊರಗಿನ ಸದ್ದು ಒಂದು ಚೂರೂ ಒಳಗೆ ಬರುವುದಿಲ್ಲ ಎಂದು ಅವನು ಕಂಡುಕೊಂಡಿದ್ದ. ಒಂದು ಮೈಕು, ಒಂದು ಯಂತ್ರ ತಂದಿಟ್ಟು ಅಂಗಡಿಗಳ ಜಾಹೀರಾತು, ಬಸ್ ನಿಲ್ದಾಣದ ಪ್ರಕಟಣೆ ರೆಕಾರ್ಡ್ ಮಾಡುತ್ತಿದ್ದ. ಯಾರೂ ಕೇಳದ ಸಂಗೀತವನ್ನೇ ಹುಡುಕಿ ಹುಡುಕಿ ಡಿಸ್ಕ್ ಮಾಡುವ ಒಬ್ಬ ಗೆಳೆಯ ಬೇರೆ ಅವನಿಗಿದ್ದ. ಭಾವ ಒಂದು ದಿನ ಬಂದು, "ಒಂದು ರೆಕಾರ್ಡ್ ಮಾಡ್ಬೇಕಪ್ಪ, ತಡ ಮಾಡೋ ಹಾಗಿಲ್ಲ" ಎಂದರಂತೆ. ಸಂಕೋಚದ ಮುದ್ದೆಯಂತಿದ್ದ ಭಾವ ಬಾಯಿ ಬಿಟ್ಟು ಕೇಳಿದ್ದೇ ಮೊದಲು, ತಮ್ಮ ಇಲ್ಲವೆನ್ನಲಿಲ್ಲ.

ರೆಕಾರ್ಡಿಂಗಿನ ದಿನ ಕಿವಿಯಕ್ಕ ಮಲಗಲು ಹೋದಾಗ ಬಾಗಿಲ ಹತ್ತಿರದ ಕುರ್ಚಿ ಇರಲಿಲ್ಲ. ಮೇಷ್ಟ್ರು ಅದನ್ನು ಆಟೋದಲ್ಲಿ ಹಾಕಿಕೊಂಡು ಹಾಸಿಗೆ ಅಂಗಡಿಗೆ ಒಯ್ದಿದ್ದರು. ಕೂರಲು ನೂರು ಹಾಸಿಗೆಯಿರುವ ಅಂಗಡಿಗೆ ಮುರುಕು ಕುರ್ಚಿ ಹೊತ್ತುಕೊಂಡು ಹೋಗುವುದೇ ಎಂದು ಅವಳು ಒಬ್ಬಳೇ ನಕ್ಕಳು. ಆ ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಈಚೆಗೆ ಹೇಗೂ ಮೂರು ದಿಂಬಿಲ್ಲದೆ ಮಲಗಲು ಆಗುತ್ತಿರಲಿಲ್ಲ. ರಾತ್ರಿ ಪಾಳಿಯ ಪಿತ್ತ ಎಂದುಕೊಂಡಿದ್ದಳು. ಕಾಲೂ ಊದುತ್ತಿತ್ತು, ಬೂಟಿನ ಲಾಡಿ ಬಿಚ್ಚಿದರೆ ಗುರುತು ಹಾಗೇ ಉಳಿಯುತ್ತಿತ್ತು. ಇಡೀ ರಾತ್ರಿ ನಿಂತರೆ ಕಲ್ಲುಕಂಬದ ಕಾಲೂ ಊದುತ್ತದೆ ಎಂದು ಅವಳ ವಾದ. ಅದಕ್ಕೆ ಎದುರು ಹೇಳುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

ಭಯ ಶುರುವಾದದ್ದು ಕಿರಿಯ ನರ್ಸೊಬ್ಬಳ ಬಾಯಿಂದ. ಒಂದು ಬೆಳಿಗ್ಗೆ ಪಾಳಿ ಬದಲಾಗುವಾಗ, ಸಮವಸ್ತ್ರ ಮಡಿಸುತ್ತಾ ಆ ಹುಡುಗಿ, "ಅಕ್ಕಾ, ನಿಮ್ಮ ಯಜಮಾನ್ರಿಗೆ ಹುಷಾರಿಲ್ವಾ?" ಎಂದಳು.

"ಯಾಕೆ? ಕಲ್ಲುಗುಂಡಿನ ಹಾಗಿದಾರೆ."

"ಅಲ್ಲ, ಕೆಳಗಡೆ ಹಾರ್ಟ್ ಡಾಕ್ಟರ ಬಾಗ್ಲಲ್ಲಿ ಕೂತಿದ್ರು. ಹೋದ ವಾರಾನೂ ನೋಡ್ದೆ. ನನ್ನ ಕಂಡು ಮುಖ ಆ ಕಡೆ ತಿರುಗಿಸ್ಕೊಂಡ್ರು. ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ."

"ಗೊತ್ತು ಗೊತ್ತು" ಎಂದಳು ಕಿವಿಯಕ್ಕ. ಗಂಡ ತನ್ನದೇ ಆಸ್ಪತ್ರೆಗೆ ಬಂದು ತನಗೆ ಹೇಳದೆ ಹೋಗಿದ್ದಾರೆ ಎಂದರೆ ಅದು ಹೇಳಬಹುದಾದ ಸುದ್ದಿಯಲ್ಲ. ಬಸ್ಸಿನಲ್ಲಿ ಕೂತು ಅವಳು ಹಿಂದಿನ ತಿಂಗಳುಗಳನ್ನೆಲ್ಲ ಕೆದಕಿದಳು. ಮೇಷ್ಟ್ರು ಸೊರಗಿದ್ದಾರೆ. ತಟ್ಟೆಯಲ್ಲಿ ಅರ್ಧ ಬಿಡುತ್ತಾರೆ. ಅವಳು ನಿದ್ದೆಯಿಂದ ಎದ್ದಾಗಲೆಲ್ಲ ಬಾಗಿಲಲ್ಲಿ ನಿಂತಿರುತ್ತಾರೆ, ಏನು ಎಂದರೆ ಏನಿಲ್ಲ ಎನ್ನುತ್ತಾರೆ. ತಡ ಮಾಡೋ ಹಾಗಿಲ್ಲ ಎಂದು ತಮ್ಮನಿಗೆ ಹೇಳಿದ್ದರಂತೆ. ಇಳಿಯುವ ನಿಲ್ದಾಣ ದಾಟಿದ್ದೇ ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದರೆ ಮೇಷ್ಟ್ರು ಇರಲಿಲ್ಲ, ಶಾಲೆಯ ಬ್ಯಾಂಡಿಗೆ ಹೊಸ ಡ್ರಮ್ ನೋಡಲು ಹೋಗಿದ್ದರು. ಮೇಜಿನ ಮೇಲೆ ತಮ್ಮ ಕಳಿಸಿದ ಕಟ್ಟು ಇತ್ತು. ಒಡೆದು ಒಂದು ಡಿಸ್ಕನ್ನು ಮೇಲೆಯೇ ಇಟ್ಟು ಹೋಗಿದ್ದರು, ಅವಳ ಚಹಾ ಲೋಟದ ಪಕ್ಕದಲ್ಲಿ, ಕಣ್ಣಿಗೆ ಬೀಳದೆ ಇರಲು ಸಾಧ್ಯವೇ ಇಲ್ಲದ ಕಡೆ. ಮುಚ್ಚಳದ ಮೇಲೆ ಚಿತ್ರವೇನೂ ಇಲ್ಲ, 'ಬಾಗಿಲಾಚೆ' ಎಂದಷ್ಟೇ ಅಚ್ಚಾಗಿತ್ತು. ಗಂಡನ ಸಂಗೀತವನ್ನು ಕೂತು ಕೇಳಿದವಳಲ್ಲ ಅವಳು. ಕೇಳುವುದನ್ನೇ ಕೆಲಸ ಮಾಡಿಕೊಂಡವರಿಗೆ ಮನೆಯಲ್ಲಿ ಕಿವಿ ಮುಚ್ಚಿದ್ದರೆ ಸಾಕೆನಿಸುತ್ತದೆ. ಆವತ್ತು ಬೂಟನ್ನೂ ಬಿಚ್ಚದೆ ಡಿಸ್ಕ್ ಹಾಕಿ ಕೂತಳು.

ಮೊದಲು ಬಂದದ್ದು ಟಪ್ ಟಪ್. ಅವಳ ನಿದ್ದೆಯ ಸದ್ದು. ಕೇಳಿದ ಕೂಡಲೇ ಕಣ್ಣು ಎಳೆಯಿತು. ಆಮೇಲೆ ಆ ಬೆರಳುಗಳ ಮಧ್ಯೆ ಗಾಳಿ ಸೇರಿತು, ಸ್ವರವಲ್ಲ, ಬರೀ ಗಾಳಿ. ಬಂತು, ಹೋಯಿತು. ಇನ್ನೊಂದು, ಸ್ವಲ್ಪ ದೊಡ್ಡದು. ಇನ್ನೊಂದು. ಗಾಳಿಯ ತುದಿಯಲ್ಲಿ ಸ್ವರದ ಒಂದು ಗೆರೆ ಮೂಡಿತು, ದಪ್ಪವಾಯಿತು, ಒರಟಾಯಿತು, ಮೇಲೆ ಹೋಗಿ ಎರಡಾಗಿ ಸೀಳಿತು. ಅಲ್ಲಿಂದ ಇಳಿಯತೊಡಗಿತು. ಸಣ್ಣ, ಇನ್ನೂ ಸಣ್ಣ. ಮತ್ತೆ ಬರೀ ಗಾಳಿ. ನಿಂತಿತು.

ಕಿವಿಯಕ್ಕ ಕಣ್ಣು ತೆರೆದಳು.

ಸದ್ದಿಲ್ಲ. ಯಂತ್ರದ ಮೇಲಿನ ಅಂಕಿಗಳು ಓಡುತ್ತಿದ್ದವು, ಒಳಗಿನಿಂದ ಏನೂ ಬರುತ್ತಿರಲಿಲ್ಲ. ಆಮೇಲೆ ಕಿರ್ರ್ ಎಂದು ಕುರ್ಚಿಯ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಗಾಳಿ ಮತ್ತೆ ಶುರುವಾಯಿತು, ಸಣ್ಣದಾಗಿ. ಮತ್ತೆ ಕಿರ್ರ್. ಮತ್ತೆ ಹತ್ತಿತು, ಇಳಿಯಿತು, ನಿಂತಿತು. ನಿಂತಾಗೊಮ್ಮೆ ಕುರ್ಚಿ. ಡಿಸ್ಕ್ ಮುಗಿಯುವ ತನಕ ಅಷ್ಟೇ. ಮಧ್ಯೆ ಒಂದು ಕಡೆ ಮೌನ ಎಷ್ಟು ಉದ್ದವಾಯಿತೆಂದರೆ ಅವಳು ಎದ್ದು ನಿಂತು, ಯಂತ್ರದ ಮೇಲೆ ಕೈ ಇಟ್ಟು, "ಬಾ, ಬಾ, ಬಾ" ಎಂದು ವಾರ್ಡಿನಲ್ಲಿ ಹೇಳುವ ಹಾಗೆ ಹೇಳಿಬಿಟ್ಟಳು. ಯಾರಿಗೆ ಹೇಳುತ್ತಿದ್ದಾಳೆ ಎಂಬ ಪ್ರಜ್ಞೆಯೂ ಇರಲಿಲ್ಲ.

ಹೀಗೆ ನುಡಿಸಬೇಕೆಂದರೆ ಒಂದೋ ಅದನ್ನು ಗಂಟೆಗಟ್ಟಲೆ ಕೇಳಿರಬೇಕು, ಇಲ್ಲವೇ ಅದು ತನ್ನೊಳಗೇ ಇರಬೇಕು. ಮೇಷ್ಟ್ರು ವಾರ್ಡಿನ ಹತ್ತಿರ ಸುಳಿದವರಲ್ಲ, ರೋಗಿಗಳನ್ನು ಕಂಡರೆ ಹೆದರಿಕೆ ಅವರಿಗೆ. ಹಾಗಾದರೆ ಎರಡನೆಯದೇ. ಸ್ವಂತ ಉಸಿರು ಸೋಲುತ್ತಿರುವುದು ಗೊತ್ತಾಗಿ, ಹೆಂಡತಿಗೆ ಹೇಳಲಾರದೆ, ತಾವಿರುವಾಗಲೇ ಅದನ್ನು ಹಿಡಿದಿಟ್ಟಿದ್ದಾರೆ. ತಡ ಮಾಡೋ ಹಾಗಿಲ್ಲ ಎಂದರಲ್ಲ. ಕಿವಿಯಕ್ಕ ನೆಲದ ಮೇಲೆ ಕೂತು ಬಾಯಿಗೆ ಸೆರಗು ಒತ್ತಿ ಅತ್ತಳು. ಸಾವಿರ ಮಂದಿಯ ಉಸಿರು ಕೇಳಿದವಳು ಒಂದೇ ಹಾಸಿಗೆಯ ಉಸಿರು ಕೇಳಲಿಲ್ಲವಲ್ಲ ಎಂದು ತನಗೆ ತಾನೇ ಬೈದುಕೊಂಡಳು.

ಆವತ್ತು ಮಲಗಲಿಲ್ಲ. ನೆಟ್ಟಗೆ ತಮ್ಮನ ಅಂಗಡಿಗೆ ಹೋದಳು. ತಮ್ಮ ಒಬ್ಬ ಗಿರಾಕಿಗೆ ಹಾಸಿಗೆ ಒತ್ತಿ ತೋರಿಸುತ್ತಿದ್ದವನು, ಅಕ್ಕನ ಮುಖ ನೋಡಿ ಗಿರಾಕಿಯನ್ನು ಅಲ್ಲೇ ಬಿಟ್ಟು ಬಂದ. ಅಂಗಡಿಯ ಮೆಟ್ಟಿಲು ಹತ್ತಿದ್ದಕ್ಕೇ ಅವಳಿಗೆ ಏದುಸಿರು. ಅವಳನ್ನು ಒಂದು ಹಾಸಿಗೆಯ ಮೇಲೆ ಕೂರಿಸಿ ನೀರು ಕೊಟ್ಟ.

"ನಿಜ ಹೇಳು, ನಿಮ್ಮ ಭಾವ ನಿನಗೇನು ಹೇಳಿದ್ರು?"

"ಏನೂ ಹೇಳ್ಲಿಲ್ಲ ಅಕ್ಕ. ಭಾವನ ಬಾಯಿಗೆ ಬೀಗ ಅಲ್ವಾ."

"ಆ ಕುರ್ಚಿ ಸದ್ದು ಯಾಕೆ ಬಿಟ್ಟೆ? ತೆಗೆಯೋಕೆ ಬರ್ತಿರ್ಲಿಲ್ವಾ?"

ತಮ್ಮ ತಲೆ ಕೆರೆದುಕೊಂಡ. "ತೆಗೀತೀನಿ ಅಂದೆ. ಜಗಳ ಆಡಿದೆ ಕೂಡ. ಒಂದೊಂದು ಸಲ ನಿಲ್ಲಿಸಿದಾಗ್ಲೂ ಎದ್ದು ನಿಲ್ತಿದ್ರು, ಆಮೇಲೆ ಕೂತು ಶುರು ಮಾಡೋರು. ಯಾಕೆ ಏಳ್ತೀರಾ ಭಾವ, ಕೂತೇ ನುಡಿಸಿ ಅಂದೆ. ಅದಿಲ್ದಿದ್ರೆ ಉಳಿದಿದ್ದೆಲ್ಲಾ ಸುಳ್ಳು ಅಂದ್ರು." ಅವನು ದನಿ ತಗ್ಗಿಸಿ, "ಮುಗಿಸಿದ ಮೇಲೆ ನೀನು ಕೂತಿದೀಯಲ್ಲ, ಅಲ್ಲೇ ಕೂತು ಅತ್ರು. ನಿನಗೆ ಹೇಳ್ಬೇಡ ಅಂದಿದ್ರು" ಎಂದ.

ಕಿವಿಯಕ್ಕ ಪ್ಲಾಸ್ಟಿಕ್ ಹೊದಿಕೆಯ ಆ ಹಾಸಿಗೆಯನ್ನು ಒಮ್ಮೆ ಸವರಿದಳು. ಅವಳಿಗೆ ಇನ್ನೇನೂ ಕೇಳುವುದಿರಲಿಲ್ಲ. ಉಸಿರು ನಿಂತಾಗ ಮನುಷ್ಯ ಗಾಳಿಗೆ ತಡಕಾಡಿ ಎದ್ದು ನಿಲ್ಲುತ್ತಾನೆ, ಅದನ್ನೂ ಅವಳು ಎಷ್ಟೋ ಸಲ ಕಂಡಿದ್ದಳು.

ಆ ಮೇಲಿನ ದಿನಗಳು ಹೇಗೆ ಕಳೆದವೆಂದು ಅವಳನ್ನು ಕೇಳಿದರೆ ಹೇಳಲಾರಳು. ಗಂಡನನ್ನು ಕಿವಿ ಹಿಡಿದು ಎಳೆದುಕೊಂಡು ಹೋಗುತ್ತೇನೆ ಎಂದಿದ್ದವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಕೇಳಿದರೆ ಅವರು ಹೌದು ಎಂದುಬಿಡುತ್ತಾರೆ. ಹೌದು ಎಂದ ಮೇಲೆ ಅದು ನಿಜವಾಗಿಬಿಡುತ್ತದೆ. ಗೊತ್ತಾದ ದಿನದಿಂದ ಜನ ಅರ್ಧ ಸಾಯುತ್ತಾರೆ ಎಂದು ತಾನೇ ಅಂದದ್ದು ಈಗ ಅವಳ ಕೊರಳಿಗೇ ಸುತ್ತಿಕೊಂಡಿತ್ತು. ಮೇಷ್ಟ್ರು ನೀರು ಕುಡಿದರೆ ನೋಡುವುದು, ಬೂಟು ಹಾಕಲು ಬಗ್ಗಿದರೆ ನೋಡುವುದು. ಒಂದು ದಿನ ಬೆನ್ನು ಉಜ್ಜುವ ನೆಪದಲ್ಲಿ ಬೆನ್ನಿಗೆ ಕಿವಿ ಇಟ್ಟಳು. ಗಾಳಿ ಸಲೀಸಾಗಿ ಓಡಾಡುತ್ತಿತ್ತು, ಹುಡುಗರ ಎದೆಯ ಹಾಗೆ. ಅದರಿಂದಲೂ ಅವಳಿಗೆ ಸಮಾಧಾನವಾಗಲಿಲ್ಲ. ಮೆಟ್ಟಿಲುಸಿರು ಎಚ್ಚರದಲ್ಲಿ ಅಡಗಿರುತ್ತದೆ, ನಿದ್ದೆಯಲ್ಲೇ ಹೊರಗೆ ಬರುವುದು. ಮೇಷ್ಟ್ರು ಮಲಗುವ ಹೊತ್ತಿನಲ್ಲಿ ಅವಳಿಗೆ ಪಾಳಿ. ಅವಳು ಮಲಗುವ ಹೊತ್ತಿನಲ್ಲಿ ಅವರಿಗೆ ಎಚ್ಚರ. ಪಾಳಿ ಬದಲಿಸುವ ಕಾವಲುಗಾರರ ಹಾಗೆ ಒಬ್ಬರು ಒಳಗೆ ಬಂದರೆ ಒಬ್ಬರು ಹೊರಗೆ, ಮದುವೆಯಾದಾಗಿನಿಂದ ಹೀಗೇ.

ಮೇಷ್ಟ್ರೂ ಏನೋ ಕಾಯುತ್ತಿದ್ದರು. "ಡಿಸ್ಕ್ ಕೇಳಿದ್ಯಾ?" ಎಂದು ಎರಡು ಮೂರು ಸಲ ಕೇಳಿದರು. "ಕೇಳಿದೆ" ಎಂದಳು. "ಏನನ್ನಿಸ್ತು?" ಎಂದರು, ಪರೀಕ್ಷೆಯ ಫಲಿತಾಂಶಕ್ಕೆ ಬಂದವರ ಮುಖ ಮಾಡಿಕೊಂಡು. "ಚೆನ್ನಾಗಿದೆ" ಎಂದು ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು, ಅಳು ಕೇಳಿಸದಿರಲಿ ಎಂದು. ಮೇಷ್ಟ್ರು ಅಲ್ಲೇ ನಿಂತಿದ್ದು, ಆಮೇಲೆ ರೀಡು ತೊಳೆಯಲು ಹೋದರು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಎಂದಿನಂತೆ ಪರದೆ ಎಳೆದು, ಮೂರು ದಿಂಬು ಏರಿಸಿಕೊಂಡು ಮಲಗಿದಳು. ಮಲಗಿದಳು ಎನ್ನುವುದು ಹೆಸರಿಗೆ. ಕಣ್ಣು ಮುಚ್ಚಿದರೆ ಆ ಡಿಸ್ಕಿನ ಉದ್ದದ ಮೌನ ಎದ್ದು ಬರುತ್ತಿತ್ತು. ಬಾಗಿಲ ಸಂದಿಯಿಂದ ಟಪ್ ಟಪ್ ಕೇಳುತ್ತಿತ್ತು. ಒಂದು ಹೊತ್ತಿನ ಮೇಲೆ ಅವಳಿಗೆ ಅನ್ನಿಸಿತು, ಇವರು ಇಷ್ಟು ಹತ್ತಿರ ಕೂತಿದ್ದಾರೆ, ಬಾಗಿಲಿಗೆ ಅಂಟಿಕೊಂಡ ಹಾಗೆ. ಇಲ್ಲಿಂದಲೇ ಇವರ ಉಸಿರು ಕೇಳಬಹುದಲ್ಲ. ನಿದ್ದೆಯಲ್ಲದಿದ್ದರೇನು, ಒಂದು ಸುಳಿವಾದರೂ ಸಿಕ್ಕೀತು.

ಕಿವಿಯಕ್ಕ ಬಾಗಿಲ ಕಡೆ ಮುಖ ಮಾಡಿ, ವಾರ್ಡಿನಲ್ಲಿ ಮಾಡುವಂತೆಯೇ, ತನ್ನ ಉಸಿರು ಹಿಡಿದಳು.

ಆಚೆ ಬೆರಳುಗಳು ನಿಂತವು.

ಅವಳು ಇನ್ನೂ ಕಿವಿಗೊಟ್ಟಳು. ಕಿರ್ರ್ ಎಂದು ಕುರ್ಚಿಯ ಸದ್ದಾಯಿತು. ಬಾಗಿಲು ಸದ್ದಿಲ್ಲದೆ ಅಷ್ಟೇ ಅಷ್ಟು ತೆರೆಯಿತು. ಸಂದಿಯಲ್ಲಿ ಮೇಷ್ಟ್ರು ನಿಂತಿದ್ದರು, ಸ್ಯಾಕ್ಸೊಫೋನ್ ಅಲ್ಲಾಡದಂತೆ ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು. ಅರೆತೆರೆದ ಕಣ್ಣಿನಿಂದ ಅವಳು ಆ ಮುಖ ನೋಡಿದಳು. ಆ ಮುಖ ಅವಳಿಗೆ ಗೊತ್ತಿತ್ತು. ತಾಯಿಯ ಮಂಚದ ಪಕ್ಕ ಕೂತಿದ್ದಾಗ ಎದುರಿನ ಕಿಟಕಿಯ ಗಾಜಿನಲ್ಲಿ ಕಂಡ ಮುಖ ಅದು. ಮೇಷ್ಟ್ರು ಅವಳ ಎದೆಯನ್ನೇ ನೋಡುತ್ತಿದ್ದರು, ಅದು ಏಳುತ್ತದೆಯೇ ಎಂದು. ತುಟಿ ಮಾತ್ರ ಆಡುತ್ತಿತ್ತು. ಬಾ, ಬಾ, ಬಾ.

ಕಿವಿಯಕ್ಕನಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಮೂರು ದಿಂಬು, ಊದಿದ ಕಾಲು, ಅಂಗಡಿಯ ಮೆಟ್ಟಿಲು. ಹಿಡಿದ ಉಸಿರು ಅವಳಿಂದ ಧುಸ್ ಎಂದು ಹೊರಬಿತ್ತು. ಮೇಷ್ಟ್ರ ಭುಜ ಇಳಿಯಿತು. ಬಾಗಿಲು ಎಳೆದುಕೊಂಡು ಹಿಂದೆ ಸರಿದು ಕೂತರು. ಕಿರ್ರ್.

ಭಯ ಅಂದರೆ ಏನೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಗಂಡನಿಗಾಗಿ ಪಟ್ಟದ್ದು ಒಂದು ಬಗೆಯದು, ಅದರಲ್ಲಿ ಓಡಾಡಬಹುದಿತ್ತು, ಬೈಯಬಹುದಿತ್ತು. ಇದು ಹಾಸಿಗೆಗೆ ಹಾಕಿ ಅಮುಕಿತು. ಅವಳು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು, ಬೇರೆ ಯಾರದೋ ಎದೆಯ ಮೇಲೆ ಇಡುವ ಹಾಗೆ. ತಾನು ನಿದ್ದೆ ಹೋದ ಮೇಲೆ ಒಳಗೆ ಇದು ಹತ್ತಿ ಇಳಿದು ನಿಲ್ಲುತ್ತದೆ, ದಿನವೂ ನಿಂತಿದೆ, ತನಗೆ ಗೊತ್ತೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ರೀ" ಎಂದು ಕರೆದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳಿಗೇ ಅದು ತನ್ನದೆನ್ನಿಸಲಿಲ್ಲ.

ಮೇಷ್ಟ್ರು ಬಂದು ಮಂಚದ ಅಂಚಿನಲ್ಲಿ ಕೂತರು.

"ಆ ಡಿಸ್ಕಲ್ಲಿರೋದು ನನ್ನ ಉಸಿರು."

ಮೇಷ್ಟ್ರು ಸ್ಯಾಕ್ಸೊಫೋನನ್ನು ಕೊರಳಿಂದ ತೆಗೆದು ಪಕ್ಕಕ್ಕಿಟ್ಟರು. ಆಣೆ ಇನ್ನೂ ಅವರನ್ನು ಹಿಡಿದಿತ್ತು.

"ಹೌದೋ ಅಲ್ವೋ, ತಲೆನಾದ್ರೂ ಆಡಿಸ್ರೀ."

ತಲೆಯಾಡಿಸಿದರು. ಆಮೇಲೆ ಕಟ್ಟೆ ಒಡೆದ ಹಾಗೆ ಮಾತು ಬಂತು. "ಮಳೆಗಾಲಕ್ಕೆ ಮುಂಚಿಂದ ಕಣೇ. ಮೊದಲು ಅಪರೂಪಕ್ಕೆ. ಆಮೇಲೆ ದಿನಾ. ಡಾಕ್ಟರ ಹತ್ರ ಹೋದೆ. ಕರ್ಕೊಂಡು ಬನ್ನಿ, ನೋಡದೆ ಏನೂ ಹೇಳಕ್ಕಾಗಲ್ಲ, ಬೇಗ ಬಂದ್ರೆ ಔಷಧಿ ಇದೆ ಅಂದ್ರು. ಹೇಗೆ ಕರ್ಕೊಂಡು ಹೋಗ್ಲಿ? ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದೀಯಲ್ಲ. ಬಾಯಿ ತೆಗೆದ್ರೆ ಆಗಲ್ಲ, ಊದಿದ್ರೆ ತಪ್ಪಿಲ್ವಲ್ಲ ಅಂತ ಊದಿದೆ. ನಿನ್ನ ಕಿವಿ ನಂಬ್ಕೊಂಡು ಕೂತಿದ್ದೆ. ಕೇಳಿದ ತಕ್ಷಣ ಗೊತ್ತಾಗತ್ತೆ ಅಂದ್ಕೊಂಡಿದ್ದೆ."

"ಗೊತ್ತಾಯ್ತು. ನಿಮ್ಮದು ಅಂದ್ಕೊಂಡೆ."

ಮೇಷ್ಟ್ರು ಬಾಯಿ ತೆರೆದು ಅವಳನ್ನೇ ನೋಡಿದರು. ಅವಳ ಅಷ್ಟು ದಿನದ ಮಂಕು, ನಲ್ಲಿಯ ಸದ್ದು, ಬೆನ್ನಿಗಿಟ್ಟ ಕಿವಿ, ಎಲ್ಲ ಅವರಿಗೂ ಆಗ ಹೊಳೆದಿರಬೇಕು. ಇಬ್ಬರಿಗೂ ನಗು ಬರುವಂಥ ಮಾತೇ ಅದು, ಯಾರೂ ನಗಲಿಲ್ಲ. "ನನಗೆ ಹೆದರಿಕೆ ಆಗ್ತಿದೆ ರೀ" ಎಂದಳು ಕಿವಿಯಕ್ಕ. "ನನಗೂ" ಎಂದರು ಮೇಷ್ಟ್ರು. ಹೇಳಿದ ಮೇಲೆ ಹೆದರಿಕೆ ಕಡಿಮೆಯೇನೂ ಆಗಲಿಲ್ಲ, ಆದರೆ ಕೋಣೆಯಲ್ಲಿ ಅದು ಅಡಗಿ ಕೂರಬೇಕಾದ್ದು ತಪ್ಪಿತು.

ನಾಳೆ ಹೋಗೋಣ ಎಂದು ಮೇಷ್ಟ್ರು ಅಂದಾಗ ಅವಳು, "ಇನ್ನೊಂದು ನಿದ್ದೆ ಮಾಡಿ ಹೋಗೋಣ ಅಂತೀರಾ?" ಎಂದು ಎದ್ದೇಬಿಟ್ಟಳು. ಬೂಟು ಕಾಲಿಗೆ ಹತ್ತಲಿಲ್ಲ. ಲಾಡಿ ಪೂರ್ತಿ ಬಿಚ್ಚಿ ತುರುಕಿದರೂ ಹತ್ತಲಿಲ್ಲ. ಕಲ್ಲುಕಂಬದ ವಾದವನ್ನು ಆವತ್ತು ಅವಳು ಎತ್ತಲಿಲ್ಲ. ಮೇಷ್ಟ್ರು ತಮ್ಮ ದೊಡ್ಡ ಚಪ್ಪಲಿ ತಂದು ಮುಂದಿಟ್ಟರು, ಅವಳು ಅದನ್ನೇ ಎಳೆದುಕೊಂಡು ಹೊರಟಳು. ಮೆಟ್ಟಿಲ ಕೆಳಗೆ ದರ್ಜಿ ಸಿಕ್ಕಿ, "ನಲ್ಲಿ ಸರಿಹೋಯ್ತಾ ಮೇಷ್ಟ್ರೇ?" ಎಂದ. "ಇವತ್ತು ಹೋಗ್ತಿದೀವಪ್ಪ, ಸರಿಮಾಡಿಸೋಕೆ" ಎಂದರು ಮೇಷ್ಟ್ರು, ಡಿಸ್ಕನ್ನು ಜೇಬಿನಲ್ಲಿ ಒತ್ತಿಕೊಳ್ಳುತ್ತಾ. ಡಾಕ್ಟರಿಗೆ ಕೇಳಿಸಬೇಕೆಂದು ಅವಳೇ ತೆಗೆದುಕೊಳ್ಳಿ ಎಂದಿದ್ದಳು.

ಎಷ್ಟೋ ವರ್ಷ ಓಡಾಡಿದ ಆಸ್ಪತ್ರೆ. ಹಾರ್ಟ್ ಡಾಕ್ಟರ ಬಾಗಿಲಿನ ಎದುರಿನ ಬೆಂಚಿನ ಮೇಲೆ ಮಾತ್ರ ಕಿವಿಯಕ್ಕ ಎಂದೂ ಕೂತವಳಲ್ಲ. ಎಷ್ಟು ತಣ್ಣಗಿದೆ ಅದು ಎಂದು ಕೂತ ಮೇಲೆ ಗೊತ್ತಾಯಿತು. ಕಿರಿಯ ನರ್ಸು ಹಾದು ಹೋಗುತ್ತಾ ಮೇಷ್ಟ್ರ ಕಡೆ ಮರುಕದಿಂದ ನೋಡಿದಳು. ಚೀಟಿಯ ಮೇಲೆ ಬರೆದಿದ್ದದ್ದು ಯಾರ ಹೆಸರು ಎಂದು ಅವಳಿಗೆ ಹೇಗೆ ತಿಳಿಯಬೇಕು? ಒಳಗಿನಿಂದ ಇನ್ನೂ ಕರೆ ಬಂದಿರಲಿಲ್ಲ. ಕಿವಿಯಕ್ಕನ ಕಣ್ಣು ಎಳೆಯುತ್ತಿತ್ತು, ರಾತ್ರಿಯಿಡೀ ಪಾಳಿ ಮಾಡಿದ ಕಣ್ಣು. ಮುಚ್ಚಲು ಅವಳಿಗೆ ಧೈರ್ಯವಿರಲಿಲ್ಲ.

ಆಗ ಅವಳ ಕಿವಿ ತನ್ನ ಪಾಡಿಗೆ ತಾನು ಪಕ್ಕಕ್ಕೆ ತಿರುಗಿತು. ಪಕ್ಕದಲ್ಲಿ ಕೂತವರ ಉಸಿರು ಕೇಳುತ್ತಿರಲಿಲ್ಲ. ತಿರುಗಿ ನೋಡಿದರೆ ಮೇಷ್ಟ್ರು ಕಣ್ಣು ಮುಚ್ಚಿ, ತಲೆ ಅವಳ ಕಡೆ ವಾಲಿಸಿ, ಉಸಿರು ಹಿಡಿದು ಕೂತಿದ್ದರು. ಅವಳದನ್ನು ಕೇಳಿಸಿಕೊಳ್ಳುತ್ತಿದ್ದರು.

ಕಿವಿಯಕ್ಕ ಅವರ ಕೈ ಹಿಡಿದುಕೊಂಡಳು.

"ನೀವೂ ಉಸಿರಾಡ್ರೀ" ಎಂದಳು.